ಏಳನೇ ಡಬ್ಬ

ಅಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಇದು ಬಾಯಿಬಿಟ್ಟು ಹೇಳುವ ಮಾತಲ್ಲ. ದಿನಚರಿಯಲ್ಲಿ ಬರೆದುಕೊಳ್ಳುವಾಗಲೂ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿಕೊಂಡಿದ್ದೆ. ಅಣ್ಣನ ಸಂಬಳಕ್ಕೆ ಕರುಬುವ ತಮ್ಮಂದಿರಿದ್ದಾರೆ, ಓರಗಿತ್ತಿಯ ಒಡವೆಗೆ ಕರುಬುವ ಓರಗಿತ್ತಿಯರಿದ್ದಾರೆ. ಅವರಿಗೆಲ್ಲ ಲೋಕದಲ್ಲಿ ಒಂದು ಜಾಗವಿದೆ, ಜೊತೆಗೆ ಕೂತು ಹೌದು ಹೌದು ಎನ್ನಲು ಜನರಿದ್ದಾರೆ. ಹೆತ್ತ ಅಪ್ಪನಿಗೆ ನಾಲ್ಕು ಜನ ಚಪ್ಪಾಳೆ ತಟ್ಟಿದ್ದಕ್ಕೆ ಒಳಗೊಳಗೇ ಬೇಯುವ ಮಗಳ ಜೊತೆ ಯಾರು ಕೂರುತ್ತಾರೆ?

ಚಪ್ಪಾಳೆ ಬಿದ್ದದ್ದು ಒಂದು ರೋಬೋಗೆ. ಆಕಾಶನೌಕೆಯ ಕಥೆಯ ಒಂದು ಸಿನಿಮಾದಲ್ಲಿ, ತೆರೆಯ ಎಡಮೂಲೆಯಲ್ಲಿ ನಿಂತು ಮೇಜು ಒರೆಸುವ ತಗಡಿನ ರೋಬೋ. ಅದಕ್ಕೆ ಹೆಸರಿಲ್ಲ, ಮಾತಿಲ್ಲ. ಒರೆಸುತ್ತ ಒರೆಸುತ್ತ ಒಂದು ಸಲ ನಿಲ್ಲಿಸುತ್ತದೆ, ಅಷ್ಟೇ. ಅದರೊಳಗಿದ್ದವರು ನಮ್ಮಪ್ಪ ಎಂದು ಬೀದಿಗೆ ಬೀದಿಯೇ ನಂಬಿತ್ತು. ಒಳಗಿದ್ದವಳು ನಾನು ಎಂಬುದು ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಗೊತ್ತಿದ್ದ ಮೂರನೆಯವನು ಊರು ಬಿಟ್ಟು ಹೋಗಿದ್ದ.

ಅಪ್ಪನ ಬಗ್ಗೆ ಮೊದಲು ಹೇಳಬೇಕು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದಾರೆ. ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ, ತಕ್ಕಡಿ ಸರಿಯಾಗಿ ತೂಗುತ್ತದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಬೀದಿಯಲ್ಲಿ ಎಲ್ಲರೂ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತಾರೆ. ಅಪ್ಪ ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ, ಹಾಗಾಗಿ ನಮ್ಮ ಮನೆಗೆ ನೆಂಟರು ಬರುವುದು ಕಡಿಮೆ. ಅಮ್ಮ ಅಡುಗೆ ಹೇಗಿದೆ ಎಂದರೆ, "ಉಪ್ಪು ಒಂದು ಚಿಟಿಕೆ ಹೆಚ್ಚು, ಉಳಿದಿದ್ದೆಲ್ಲ ನಿನ್ನೆಯಷ್ಟೇ ಸಾಧಾರಣ" ಎನ್ನುತ್ತಾರೆ. ಅತ್ತೆ, ಅಂದರೆ ನಮ್ಮ ಜೊತೆಯಲ್ಲೇ ಇರುವ ಅಪ್ಪನ ಅಕ್ಕ, "ನಾನು ಸ್ವಲ್ಪ ದಪ್ಪಗಾಗಿದ್ದೀನೇನೋ" ಎಂದರೆ ಸಾಕು, ಅಪ್ಪ ಕಣ್ಣಂದಾಜಿನಲ್ಲೇ ಅವಳ ತೂಕ ಹೇಳಿಬಿಡುತ್ತಾರೆ. ಅಂದಾಜು ತಪ್ಪುವುದಿಲ್ಲ. ಅದೇ ಅತ್ತೆಯ ಸಂಕಟ.

ಇನ್ನು ನಾನು. ನನ್ನ ಬಗ್ಗೆ ಹೇಳುವುದು ಕಷ್ಟ, ಏಕೆಂದರೆ ನನ್ನ ಮಾತನ್ನೆಲ್ಲ ಬೇರೆಯವರೇ ಆಡಿ ಮುಗಿಸಿರುತ್ತಾರೆ. ಬಂದವರು "ನಿಂಗೆ ಕಾಫಿನಾ ಟೀನಾ ಮಗೂ?" ಎಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ "ಅವಳಿಗೆ ಏನೂ ಬೇಡ" ಎಂದಿರುತ್ತಾಳೆ. ಪದವಿ ಮುಗಿಸಿದ ಮೇಲೆ ಒಂದು ಕಡೆ ಸಂದರ್ಶನಕ್ಕೆ ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿ ಎಂದರು. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗಲೇ, ಆಯಿತು, ತಿಳಿಸುತ್ತೇವೆ ಎಂದರು. ಮನೆತನದ ಎಲ್ಲ ಫೋಟೊಗಳಲ್ಲೂ ನಾನಿದ್ದೇನೆ. ಹುಡುಕಿದರೆ ಯಾರದೋ ಭುಜದ ಹಿಂದೆ ಒಂದು ಕಿವಿ ಸಿಗುತ್ತದೆ.

ಊರಾಚೆ ಮುಚ್ಚಿಹೋಗಿದ್ದ ಒಂದು ಶೈತ್ಯಾಗಾರವಿದೆ. ಅಲ್ಲಿ ಸಿನಿಮಾದವರು ಆಕಾಶನೌಕೆ ಕಟ್ಟಿದರು. ನೌಕೆ ಹತ್ತುವವರನ್ನು ತೂಗಲು ದೊಡ್ಡದೊಂದು ತೂಕದ ಯಂತ್ರ ಬೇಕಾಯಿತಂತೆ. ಗಡಿಯಾರದಂಥ ಮುಖವಿರುವ ಹಳೆಯ ಯಂತ್ರವೊಂದು ಅಪ್ಪನ ಕಚೇರಿಯ ಮೂಲೆಯಲ್ಲಿ ಬಿದ್ದಿತ್ತು. ಅಪ್ಪನ ಮೇಲಧಿಕಾರಿ ಒಪ್ಪಿದರು, ಆದರೆ ಇಲಾಖೆಯ ನಿಯಮವೊಂದಿತ್ತು: ಸರ್ಕಾರಿ ತಕ್ಕಡಿ ಕಚೇರಿಯ ಹೊಸ್ತಿಲು ದಾಟಿದರೆ ಅದರ ಜೊತೆಗೆ ಒಬ್ಬ ನೌಕರ ಇರಲೇಬೇಕು. ಹೀಗೆ ನಮ್ಮಪ್ಪ ಸರ್ಕಾರಿ ಆದೇಶದ ಮೇರೆಗೆ ಬಾಹ್ಯಾಕಾಶಕ್ಕೆ ಹೊರಟರು.

ಮೊದಲ ದಿನ ಸಂಜೆ ವಾಪಸು ಬಂದವರು ಗೇಟಿನ ಹತ್ತಿರವೇ ನಿಂತು ಗಂಟಲು ಸರಿಮಾಡಿಕೊಂಡರು. ಎದುರುಮನೆಯ ನಿವೃತ್ತ ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದರು.

"ನಾಳೆ ನಾನು ನಟಿಸ್ತಿದ್ದೀನಿ ಮೇಷ್ಟ್ರೇ."

ಮೇಷ್ಟ್ರ ಕೈಯ ನೀರು ಗಿಡ ಬಿಟ್ಟು ಅವರ ಕಾಲಿನ ಮೇಲೆಯೇ ಬಿತ್ತು. "ಯಾರು, ನೀವಾ?"

"ರೋಬೋ ಪಾತ್ರ. ಅದರೊಳಗಿದ್ದ ಮನುಷ್ಯ ಸೆಖೆ ತಡೀಲಾರದೆ ಓಡಿಹೋದನಂತೆ. ನಾನು ತಕ್ಕಡಿ ಪಕ್ಕ ಸುಮ್ನೆ ಕೂತಿದ್ನಲ್ಲ, ಇವರೇ ಸರಿ, ಎಷ್ಟು ಹೊತ್ತಾದ್ರೂ ಅಲ್ಲಾಡಲ್ಲ ಅಂದ್ರು."

ಅಪ್ಪ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿ ಹಿಂದಿರುಗಿತ್ತು. ಅತ್ತೆ ಫೋನು ಹಿಡಿದು ಕೂತು, ನೆಂಟರಿಗೆಲ್ಲ ತನ್ನ ತಮ್ಮ ಸಿನಿಮಾದಲ್ಲಿ ಮಾಡುತ್ತಿದ್ದಾನೆಂದೂ ಮೊದಲಿನಿಂದಲೂ ಅವನ ಮುಖದಲ್ಲೊಂದು ಕಳೆ ಇತ್ತೆಂದೂ ಹೇಳಿದಳು. ಪಾತ್ರದಲ್ಲಿ ಮುಖ ಕಾಣುವುದಿಲ್ಲ ಎಂದು ಅಪ್ಪ ತಿದ್ದಿದರು. ಅತ್ತೆ ಕೈಯಿಂದ ಸುಮ್ಮನಿರು ಎಂದಳು.

ಮಾರನೆಯ ದಿನ ಸಂಭ್ರಮದಲ್ಲಿ ಅಪ್ಪ ಊಟದ ಡಬ್ಬಿ ಮರೆತರು. ಅದನ್ನು ಹಿಡಿದುಕೊಂಡು ನಾನು ಹೋದೆ. ಉಡುಪು ತೊಡಿಸುವವನೊಬ್ಬ ಅಪ್ಪನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಎದೆಯ ತಗಡಿನ ಕೊಂಡಿ ಹಾಕಲು ಹೆಣಗುತ್ತಿದ್ದ. ಕೊಂಡಿಗೂ ಅದರ ತೂತಿಗೂ ನಡುವೆ ಅಪ್ಪನ ಹೊಟ್ಟೆ ಇತ್ತು.

"ಉಸಿರು ಬಿಡಿ ಸಾರ್."

"ಬಿಟ್ಟಿದ್ದೀನಿ."

"ಎಲ್ಲಾ ಬಿಡಿ."

"ಎಲ್ಲಾ ಬಿಟ್ರೆ ಸತ್ತುಹೋಗ್ತೀನಲ್ಲಪ್ಪಾ!"

ಹೊರಗಿನಿಂದ ಕೂಗು ಕೇಳಿಸಿತು: "ಏಳನೇ ಡಬ್ಬ ಎಲ್ಲಿ?" ಸಿನಿಮಾದವರು ಹಿಂದೆ ನಿಲ್ಲುವ ರೋಬೋಗಳನ್ನೆಲ್ಲ ಡಬ್ಬ ಎನ್ನುತ್ತಾರೆ. ತಲೆಯ ತಗಡು ಮುಚ್ಚಿದ ಮೇಲೆ ಒಳಗೆ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. ಒಂದನೇ ಡಬ್ಬ ಬಾಗಿಲು ತೆಗೆ, ಮೂರನೇ ಡಬ್ಬ ಕೂತ್ಕೋ, ಅಷ್ಟೇ.

ಉಡುಪಿನವನು ಬೆವರು ಒರೆಸಿಕೊಳ್ಳುತ್ತ ನನ್ನನ್ನು ನೋಡಿದ. ಉಳಿದ ಬಟ್ಟೆಯ ತುಂಡನ್ನು ದರ್ಜಿ ನೋಡುತ್ತಾನಲ್ಲ, ಹಾಗೆ, ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ.

"ನಿಮ್ಮ ಮಗಳಾ ಸಾರ್? ಜಾಸ್ತಿ ಮಾತಾಡ್ತಾರಾ?"

"ಇಲ್ಲ," ಎಂದರು ಅಪ್ಪ. ನಿಜವನ್ನೇ ಹೇಳಿದರು.

"ಹಾಗಾದ್ರೆ ಇನ್ನೂ ಒಳ್ಳೇದು."

ಊಟದ ಡಬ್ಬಿ ನನ್ನ ಕೈಯಿಂದ ಅಪ್ಪನ ಕೈಗೆ ಹೋಯಿತು, ಎದೆಯ ತಗಡು ಅಪ್ಪನ ಮೈಯಿಂದ ನನ್ನ ಮೈಗೆ ಬಂತು. ಕೊಂಡಿ ಒಂದೇ ಸಲಕ್ಕೆ ಟಕ್ಕೆಂದಿತು. ಉಡುಪಿನವನು ಅಪ್ಪನ ಕಿವಿಯಲ್ಲಿ, "ಸಾರ್, ಬರೆಸಿರೋದು ನಿಮ್ಮ ಹೆಸರು. ನೀವು ಹೊರಗೆ ಕಾಣಿಸ್ಕೊಂಡ್ರೆ ಒಳಗೆ ಯಾರು ಅಂತ ಕೇಳ್ತಾರೆ, ನನ್ನ ಕೆಲಸ ಹೋಗುತ್ತೆ" ಎಂದ. ಹೀಗಾಗಿ ತಮ್ಮ ಜೀವನದ ಮೊದಲ ಸಿನಿಮಾ ಪಾತ್ರ ನಡೆಯುತ್ತಿರುವಾಗ ಅಪ್ಪ ಸರ್ಕಾರಿ ತಕ್ಕಡಿಯ ಹಿಂದೆ ಕುಕ್ಕರಗಾಲಲ್ಲಿ ಅಡಗಿ ಕೂತಿದ್ದರು.

ಒಳಗೆ ಸೆಖೆ. ಯಾರದೋ ಹಳೆಯ ಬೆವರಿನ ವಾಸನೆ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಕಣ್ಣಿನ ಮುಂದೆ ಒಂದು ಸೀಳು, ಅದರಲ್ಲಿ ಬೆಳಕು, ಜನ, ವೈರುಗಳು. ಅಷ್ಟು ಜನರ ನಡುವೆ ನಾನು ನಿಂತಿದ್ದೆ, ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ನೋಡಿದರೂ ಡಬ್ಬವನ್ನು ನೋಡುತ್ತಿದ್ದರು. ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂಬ ಚಿಂತೆಯಿಲ್ಲದೆ ಒಂದು ಕೋಣೆಯ ನಡುವೆ ನಿಲ್ಲಬಹುದು ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಮೇಜು ಒರೆಸುತ್ತಾ ಇರು ಎಂದರು. ಒರೆಸಿದೆ. ಮುಂದೆ ಒಬ್ಬ ವಯಸ್ಸಾದ ನಟರು ಕೂತಿದ್ದರು. ಅವರದು ನೌಕೆಯ ಇಂಜಿನಿಯರನ ಪಾತ್ರ. ಭೂಮಿಗೆ ಮರಳಲು ಅಪ್ಪಣೆ ಸಿಕ್ಕಿದೆ, ಆದರೆ ಅಲ್ಲಿ ಅವರ ಕಾಲದವರು ಯಾರೂ ಉಳಿದಿಲ್ಲ. ಅದುವರೆಗೆ ಅವರು ಪಕ್ಕದವರ ಜೊತೆ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು. ಕ್ಯಾಮೆರಾ ಶುರುವಾಯಿತು. ಅವರು ತಟ್ಟೆಯನ್ನು ಸ್ವಲ್ಪ ದೂರ ಸರಿಸಿ, "ಮನೆಗೆ ಹೋದ್ರೆ ಬಾಗಿಲು ತೆಗೆಯೋಕೆ ಯಾರಿದ್ದಾರೆ?" ಎಂದರು. ಯಾರಿಗೂ ಹೇಳಿದ್ದಲ್ಲ, ತಟ್ಟೆಗೆ ಹೇಳಿದ್ದು.

ನನ್ನ ಕೈ ನಿಂತಿತು.

ನಾನು ನಿಲ್ಲಿಸಿದ್ದಲ್ಲ. ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಯಾರಾದರೂ ಅಳುತ್ತಿದ್ದರೆ ಪಾತ್ರೆ ತೊಳೆಯುವವರು ನಲ್ಲಿಯನ್ನು ಸಣ್ಣ ಮಾಡುತ್ತಾರಲ್ಲ, ಹಾಗೆ. ಒಳಗೆ ಹೋಗಿ ಸಮಾಧಾನ ಹೇಳುವ ಧೈರ್ಯವಿಲ್ಲ, ಸದ್ದು ಮಾಡಲು ಮನಸ್ಸಿಲ್ಲ. ಆಮೇಲೆ ನಿಲ್ಲಿಸಿದ್ದು ಗೊತ್ತಾಗಿ ಗಾಬರಿಯಿಂದ ಮತ್ತೆ ಒರೆಸಿದೆ, ಮೊದಲಿಗಿಂತ ಮೆಲ್ಲಗೆ. ಬೈಗುಳಕ್ಕೆ ಕಾದೆ. ಬರಲಿಲ್ಲ. ಹಿಂದೆ ನಿಂತ ಡಬ್ಬವನ್ನು ಯಾರೂ ನೋಡಿರಲಿಲ್ಲ. ಉಡುಪಿನವನು ನನ್ನನ್ನು ಕಳಚಿ ಹೊರಗೆ ತೆಗೆದ, ಅಂದೇ ಸಂಜೆ ಬೇರೊಂದು ಚಿತ್ರೀಕರಣಕ್ಕೆಂದು ದೂರದ ಊರಿಗೆ ಹೊರಟುಹೋದ.

ಬಸ್ಸಿನಲ್ಲಿ ನಾನೇ ಅಪ್ಪನನ್ನು ಬೇಡಿಕೊಂಡೆ.

"ಅಪ್ಪಾ, ನಾನು ಅಂತ ಯಾರಿಗೂ ಹೇಳ್ಬೇಡಿ."

"ಯಾಕಮ್ಮಾ? ಎಲ್ಲಾ ಕೇಳ್ತಾರೆ. ನಾನೇನಂತ ಹೇಳಲಿ?"

"ಅತ್ತೆಗೆ ಗೊತ್ತಾದ್ರೆ ಬಂದವರ ಮುಂದೆಲ್ಲ ಮಾಡಿ ತೋರಿಸು ಅಂತಾರೆ."

ಈ ಮಾತಿನಲ್ಲಿ ತೂಕವಿದೆ ಎಂದು ಅಪ್ಪನಿಗೂ ಅನ್ನಿಸಿತು. "ಆಯ್ತು. ನೀನಾಗಿ ಹೇಳೋವರೆಗೆ ನಾನು ಹೇಳಲ್ಲ. ಮಾತು ಕೊಟ್ಟೆ" ಎಂದರು. ಅಪ್ಪ ಮಾತು ಕೊಟ್ಟರೆಂದರೆ ಮುದ್ರೆ ಒತ್ತಿದ ಹಾಗೆ.

ಸಿನಿಮಾ ಬಂತು. ಬೀದಿಯವರೆಲ್ಲ ಒಟ್ಟಿಗೆ ಹೋದೆವು. ಅತ್ತೆ ಬಾಗಿಲು ತೆಗೆಯುವ ರೋಬೋ ಕಂಡ ಕೂಡಲೇ "ನನ್ನ ತಮ್ಮ!" ಎಂದು ಅತ್ತುಬಿಟ್ಟಳು. ಅದು ಒಂದನೇ ಡಬ್ಬ. ಏಳನೆಯದು ಬಂದಾಗ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಕಾಣಲಿಲ್ಲ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಯಾರೋ ಪುಣ್ಯಾತ್ಮರು ಆ ಎಡಮೂಲೆಯ ತುಣುಕನ್ನಷ್ಟೇ ಕತ್ತರಿಸಿ, "ಈ ರೋಬೋ ಯಾಕೆ ನಿಲ್ಲಿಸಿತು?" ಎಂದು ಫೋನುಗಳಿಗೆ ಹರಿಯಬಿಟ್ಟರು. ಕೆಲವೇ ದಿನಗಳಲ್ಲಿ ನಾಯಕ ನಾಯಕಿಯರನ್ನು ಬಿಟ್ಟು ಜನ ಡಬ್ಬವನ್ನು ಹಿಡಿದುಕೊಂಡರು. ಪತ್ರಿಕೆಯವರು ಬರೆದರು. ರೋಬೋಗೂ ಹೃದಯವಿದೆ ಎಂದು ಒಬ್ಬರು, ನಮಗೇ ಇಲ್ಲ ಎಂದು ಇನ್ನೊಬ್ಬರು.

ಅಪ್ಪನನ್ನು ಹಿಡಿದು ನಿಲ್ಲಿಸದವರೇ ಇಲ್ಲ. ಅಂಗಡಿಯವರು ತಕ್ಕಡಿ ಒಪ್ಪಿಸುವ ಮೊದಲು ಸ್ಟೂಲು ಹಾಕಿ ಕೂರಿಸಿ, "ಸಾಹೇಬ್ರೇ, ಯಾಕೆ ನಿಲ್ಲಿಸಿದ್ರಿ ಅದೊಂದು ಹೇಳಿ" ಎನ್ನುತ್ತಿದ್ದರು. ಕೊಟ್ಟ ಮಾತು ಮುರಿಯುವಂತಿಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಎರಡರ ನಡುವಿನ ಕಿರುದಾರಿಯಲ್ಲಿ ಅಪ್ಪ ನಡೆಯತೊಡಗಿದರು. "ಒಳಗೆ ಸೆಖೆ ಜಾಸ್ತಿ" ಎನ್ನುತ್ತಿದ್ದರು. "ಒಳಗಿದ್ದವರ ಕಷ್ಟ ಒಳಗಿದ್ದವರಿಗೇ ಗೊತ್ತು" ಎನ್ನುತ್ತಿದ್ದರು. "ನನ್ನದೇನಿಲ್ಲ" ಎನ್ನುತ್ತಿದ್ದರು. ಪ್ರತಿಯೊಂದೂ ಅಪ್ಪಟ ನಿಜ.

ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಪಾಠ ಹೇಳಿದರು. "ಗಮನಿಸಿದ್ರಾ? ಬಾಯಲ್ಲಿ 'ನಾನು' ಅನ್ನೋ ಮಾತೇ ಬರಲ್ಲ. ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಸ್ವಾಮಿ? ಅಹಂಕಾರ ಕಳಚಿಟ್ಟವನಿಗೆ ಮಾತ್ರ ಹಾಗೆ ನಿಲ್ಲೋಕೆ ಸಾಧ್ಯ!"

"ಚಿಕ್ಕವನಾಗಿದ್ದಾಗಲೂ ಹಾಗೇ," ಎಂದಳು ಅತ್ತೆ. "ಕರೆದ್ರೆ ನಿಂತುಬಿಡೋನು. ಒಂದ್ಸಲ ರಸ್ತೆ ಮಧ್ಯೆ ನಿಂತು ಸೈಕಲ್ಲಿಗೆ ಸಿಕ್ಕಿದ್ದ."

ಅಪ್ಪನ ಮೇಲಧಿಕಾರಿ ಕಚೇರಿಯಲ್ಲೊಂದು ಅಭಿನಂದನಾ ಸಭೆ ಇಟ್ಟರು. ರೋಬೋದ ಫೋಟೊಗೆ ಚೌಕಟ್ಟು ಹಾಕಿಸಿದ್ದರು. ಇಲಾಖೆಯ ಇತಿಹಾಸದಲ್ಲೇ ಒಬ್ಬ ನೌಕರ ಕೆಲಸ ನಿಲ್ಲಿಸಿದ್ದಕ್ಕೆ ಇಡೀ ನಾಡು ಮೆಚ್ಚಿದ್ದು ಇದೇ ಮೊದಲು ಎಂದರು. ಯಾರೂ ನಗಲಿಲ್ಲ, ಅಧಿಕಾರಿಗಳು ತಮಾಷೆ ಮಾಡುವವರಲ್ಲ. ಅಪ್ಪ ಎದ್ದು ನಿಂತರು.

"ಆ ಡಬ್ಬದೊಳಗೆ ಉಸಿರಾಡೋದೇ ಕಷ್ಟ," ಎಂದರು. "ಆದ್ರೂ ಒಳಗಿದ್ದ ಜೀವ ಒಂದು ಮಾತು ಆಡ್ಲಿಲ್ಲ. ಎದುರಿಗೆ ಒಬ್ಬ ಮನುಷ್ಯ ನೋವಲ್ಲಿದ್ದಾನೆ ಅಂತ ಆ ಕೈ ತಾನೇ ನಿಂತಿತು. ಯಾರೂ ಹೇಳಿಕೊಟ್ಟಿದ್ದಲ್ಲ. ಹೇಳಿಕೊಟ್ರೆ ಬರೋದೂ ಅಲ್ಲ. ನನಗೆ ಅದನ್ನ ನೆನೆಸ್ಕೊಂಡ್ರೆ ಹೆಮ್ಮೆ."

ಹಾಗೆನ್ನುವಾಗ ಅವರು ಕೊನೆಯ ಸಾಲಿನ ಕಡೆ ನೋಡುತ್ತಿದ್ದರು. ಕೊನೆಯ ಸಾಲಿನಲ್ಲಿದ್ದ ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಚಪ್ಪಾಳೆ ಎದ್ದಿತು. ನನ್ನ ಪಕ್ಕದಲ್ಲಿ ಕೂತಿದ್ದ ಗುಮಾಸ್ತೆ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು, "ನಮ್ಮಮ್ಮ ಹೋದ ದಿನ ನನಗೆ ಒಬ್ಬರಾದ್ರೂ ಹೀಗೆ ಸುಮ್ನೆ ಪಕ್ಕದಲ್ಲಿ ನಿಂತಿದ್ರೆ ಸಾಕಿತ್ತು ಅನ್ನಿಸಿತ್ತು. ನಿಮ್ಮ ತಂದೆಗೆ ಅದು ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ನನಗೆ ಆಕೆಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಬದಲಿಗೆ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದೆ. ಆಕೆ ಅಪ್ಪನ ಕಡೆ ತಿರುಗಿ ಜೋರಾಗಿ ಚಪ್ಪಾಳೆ ತಟ್ಟಿದರು.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ. ನಾನೇ ಬೇಡವೆಂದು ಕೊಟ್ಟುಬಿಟ್ಟ ವಸ್ತುವನ್ನು ಇನ್ನೊಬ್ಬರು ಮೈಮೇಲೆ ಹಾಕಿಕೊಂಡಾಗ, ಅಯ್ಯೋ ಅದು ಎಷ್ಟು ಚೆನ್ನಾಗಿತ್ತು ಎಂದು ಗೊತ್ತಾಗುತ್ತದೆ.

ಅಪ್ಪನಿಗೂ ಅದು ಸುಖವಾಗಿ ಕೂತಿರಲಿಲ್ಲ. ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಅಮ್ಮ ಅಡುಗೆ ಹೇಗಿದೆ ಎಂದರೆ ಸುಮ್ಮನೆ ಉಣ್ಣುತ್ತಿದ್ದರು. ಅತ್ತೆ ದಪ್ಪಗಾದೆನೇನೋ ಎಂದಳು. ಅಪ್ಪ ತೂಕ ಹೇಳಲಿಲ್ಲ. ಅತ್ತೆಗೆ ಖುಷಿಯಾಗುವ ಬದಲು ದಿಗಿಲಾಯಿತು. "ಏನಾಗಿದೆಯೋ ನಿಂಗೆ? ಹೇಳೋ, ಎಷ್ಟಿದ್ದೀನಿ ಹೇಳೋ!"

"ಯಾವ ಮುಖ ಇಟ್ಕೊಂಡು ಹೇಳಲಕ್ಕಾ?" ಎಂದರು ಅಪ್ಪ. ಆಮೇಲೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹತ್ತಿರ ಬಂದು ಮೆಲ್ಲಗೆ, "ಹೇಳಿಬಿಡ್ಲಾ ಮಗಳೇ?" ಎಂದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಹೊಟ್ಟೆಕಿಚ್ಚು ಬೇರೆ, ಧೈರ್ಯ ಬೇರೆ.

ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ವ್ಯಾನು ನಿಂತಿತು. ಟೋಪಿ ಹಾಕಿಕೊಂಡ ಒಬ್ಬ ಹುಡುಗಿ ಇಳಿದಳು. ಸಿನಿಮಾದ ಸಹಾಯಕ ನಿರ್ದೇಶಕಿ. ಅವಳ ಹಿಂದೆ ವ್ಯಾನಿನಿಂದ ಇಳಿದದ್ದು ಏಳನೇ ಡಬ್ಬ, ಬಿಡಿಬಿಡಿಯಾಗಿ. ಆ ಹೊತ್ತಿಗೆ ಅಪ್ಪನ ಮೇಲಧಿಕಾರಿಯೂ ಚೌಕಟ್ಟಿನ ಫೋಟೊ ತಲುಪಿಸಲು ಬಂದು ನಮ್ಮ ನಡುಮನೆಯಲ್ಲಿ ಕೂತಿದ್ದರು. ಮೇಷ್ಟ್ರು ಚಪ್ಪಲಿಯನ್ನೂ ಮರೆತು ರಸ್ತೆ ದಾಟಿ ಬಂದರು. ಕಿಟಕಿಗಳಲ್ಲಿ ತಲೆಗಳು ತುಂಬಿಕೊಂಡವು.

"ಸರ್, ಹೊಸ ಸಿನಿಮಾ. ಇದರಲ್ಲಿ ರೋಬೋನೇ ಮುಖ್ಯ," ಎಂದಳು ಟೋಪಿ. "ಮಾತಿಲ್ಲ, ಬರೀ ಇರೋದು. ನಮ್ಮ ನಿರ್ದೇಶಕರು ಆ ಡಬ್ಬದೊಳಗೆ ಇದ್ದವರೇ ಬೇಕು, ಬೇರೆ ಯಾರೂ ಬೇಡ ಅಂದಿದ್ದಾರೆ."

"ನನಗೆ ಬರಲ್ಲಮ್ಮಾ," ಎಂದರು ಅಪ್ಪ.

"ವಿನಯ!" ಎಂದರು ಮೇಷ್ಟ್ರು.

"ನನಗೆ ನಟನೆ ಗೊತ್ತಿಲ್ಲ."

"ನೋಡಿ, ನೋಡಿ!"

"ನನಗೆ ರಜೆ ಇಲ್ಲ."

"ಕೊಟ್ಟೆ," ಎಂದರು ಮೇಲಧಿಕಾರಿ, ಕೂತಲ್ಲಿಂದಲೇ. ಇಲಾಖೆಯಲ್ಲಿ ಅಷ್ಟು ಬೇಗ ಯಾರಿಗೂ ರಜೆ ಸಿಕ್ಕಿದ್ದಿಲ್ಲ.

"ಆ ಡಬ್ಬ ನನಗೆ ಹಿಡಿಸಲ್ಲ!" ಎಂದರು ಅಪ್ಪ, ಇದ್ದಬದ್ದ ಕೊನೆಯ ನಿಜವನ್ನೂ ಖರ್ಚು ಮಾಡುತ್ತ.

"ಆವತ್ತು ಹಿಡಿಸಿತ್ತಲ್ಲ ಸರ್," ಎಂದು ನಕ್ಕಳು ಟೋಪಿ. "ಬೇಗ ಹಾಕ್ಕೊಳ್ಳಿ. ಒಂದ್ಸಲ ಮೇಜು ಒರೆಸಿ ನಿಲ್ಲಿಸಿ ತೋರಿಸಿದ್ರೆ ಸಾಕು. ಫೋನಲ್ಲಿ ತೆಗೆದು ಅವರಿಗೆ ಕಳಿಸ್ತೀನಿ."

ಅಪ್ಪ ನನ್ನ ಕಡೆ ನೋಡಿದರು. ನಾನು ಬಾಗಿಲ ಪರದೆಯ ಹಿಂದೆ ಸರಿದೆ. ಅಪ್ಪ ನಿಟ್ಟುಸಿರುಬಿಟ್ಟು ಎರಡೂ ಕೈ ಮೇಲೆತ್ತಿ ನಿಂತರು, ಪೊಲೀಸರಿಗೆ ಶರಣಾದವರಂತೆ.

ಎದೆಯ ತಗಡು ಮುಚ್ಚಲಿಲ್ಲ. ವ್ಯಾನಿನ ಡ್ರೈವರು ಒಂದು ಕಡೆಯಿಂದ, ಮೇಷ್ಟ್ರು ಇನ್ನೊಂದು ಕಡೆಯಿಂದ ಒತ್ತಿದರು. "ಸ್ವಲ್ಪ ದಪ್ಪ ಆಗಿದ್ದೀರ ಸರ್," ಎಂದಳು ಟೋಪಿ. "ಎಲ್ಲಿ? ಇವರು ಮದುವೆ ಆದಾಗಿಂದ ಹೀಗೇ ಇದ್ದಾರೆ!" ಎಂದಳು ಅಮ್ಮ. ಕ್ಯಾಮೆರಾದ ಗಾಜಿನಲ್ಲಿ ದಪ್ಪವೆಲ್ಲ ಸಣ್ಣಗೆ ಕಾಣುತ್ತದೆಂದು ಮೇಷ್ಟ್ರು ವಿವರಿಸಿದರು. ಕಡೆಗೆ ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗ ತಂದು, ಪಾರ್ಸೆಲ್ ಕಟ್ಟಿದ ಹಾಗೆ ಅಪ್ಪನನ್ನು ಸುತ್ತಿ ಗಂಟು ಹಾಕಿದರು. ತಲೆಯ ತಗಡು ಕೂತಿತು. ನಮ್ಮ ಊಟದ ಮೇಜಿನ ಮುಂದೆ ಏಳನೇ ಡಬ್ಬ ನಿಂತಿತು, ತಗಡಿನ ಸಂದಿಯಿಂದ ಬನಿಯನ್ನು ಇಣುಕುತ್ತಿತ್ತು.

ಅಪ್ಪ ಒರೆಸಿದರು. ಮೂಲೆ ಬಿಡದೆ, ಅಂಚು ಬಿಡದೆ, ಸಾಲು ಸಾಲಾಗಿ. ಮಧ್ಯೆ ಬಾಗಿ ಮೇಜಿನ ಮಟ್ಟ ಸರಿಯಿದೆಯೇ ಎಂದೂ ನೋಡಿದರು, ವೃತ್ತಿಯ ಚಟ. ವಯಸ್ಸಾದ ಇಂಜಿನಿಯರನ ಪಾತ್ರವನ್ನು ಮೇಷ್ಟ್ರು ತಾವಾಗಿಯೇ ವಹಿಸಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಂತೆ, "ಮನೆಗೆ! ಹೋದ್ರೆ! ಬಾಗಿಲು ತೆಗೆಯೋಕೆ! ಯಾರಿದ್ದಾರೆ?" ಎಂದರು.

"ನಾನಿದ್ದೀನಲ್ಲ!" ಎಂದಿತು ಕಿಟಕಿಯಾಚೆಗಿನ ಒಂದು ದನಿ. ಅದು ಮೇಷ್ಟ್ರ ಹೆಂಡತಿ.

ಅಪ್ಪ ನಿಲ್ಲಿಸಿದರು. ಬಸ್ಸು ನಿಲ್ದಾಣದಲ್ಲಿ ನಿಲ್ಲುವ ಹಾಗೆ ನಿಂತರು.

"ಹಾಗಲ್ಲ ಕಣೋ! ಅಳು ಬಂದ ಹಾಗೆ ನಿಲ್ಲು!" ಎಂದು ಅತ್ತೆ ಕೂಗಿದಳು.

ಎರಡನೆಯ ಸಲ ಅಪ್ಪ ಅಳುವವರಂತೆ ತಲೆಯನ್ನು ಎದೆಗೆ ಬೀಳಿಸಿದರು. ಮೂರನೆಯ ಸಲ ಹಗ್ಗ ಸಡಿಲಾಯಿತು. ಟೋಪಿ ಚಿತ್ರ ತೆಗೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಫೋನು ರಿಂಗಾಯಿತು. ಮೇಜಿನ ಮೇಲಿಟ್ಟ ಫೋನಿನೊಳಗಿಂದ ನಿರ್ದೇಶಕರ ದನಿ ಎಲ್ಲರಿಗೂ ಕೇಳಿಸಿತು.

"ಇವರಲ್ಲ. ಆ ಕೈ ಇದಲ್ಲ. ಯಾರೋ ನಮಗೆ ಸುಳ್ಳು ಹೇಳ್ತಿದ್ದಾರೆ. ವಾಪಸ್ ಬಾ, ಬೇರೆ ಯಾರನ್ನಾದ್ರೂ ನೋಡೋಣ."

ಸುಳ್ಳು ಎಂಬ ಮಾತು ನಮ್ಮ ನಡುಮನೆಯಲ್ಲಿ ಅದುವರೆಗೆ ಬಿದ್ದಿರಲಿಲ್ಲ. ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಮೇಲಧಿಕಾರಿ ಕುರ್ಚಿಯಿಂದ ನಿಧಾನವಾಗಿ ಎದ್ದರು.

"ಸುಳ್ಳಾ? ನಮ್ಮ ಇಲಾಖೆಯಲ್ಲಾ? ರೀ, ಸಭೆಯ ವರದಿ ನಾನು ಮೇಲಕ್ಕೆಲ್ಲ ಕಳಿಸಿದ್ದೀನಿ!"

ಕಿಟಕಿಯಲ್ಲಿದ್ದ ದಿನಸಿ ಅಂಗಡಿಯವನು ತಲೆ ಕೆರೆದುಕೊಂಡ. "ಸಾಹೇಬ್ರು ಸುಳ್ಳು ಹೇಳ್ತಾರೆ ಅಂದ್ರೆ... ನನ್ನ ತಕ್ಕಡಿ ಮೇಲಿರೋ ಮುದ್ರೆ?"

ಅಮ್ಮ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು. ಅತ್ತೆಗೂ ಮಾತು ಹೊರಡಲಿಲ್ಲ, ಅದನ್ನು ನಾನು ಹುಟ್ಟಿದ ಮೇಲೆ ಕಂಡದ್ದೇ ಇರಲಿಲ್ಲ. ಟೋಪಿ ಡಬ್ಬದ ಸೀಳಿನ ಹತ್ತಿರ ಮುಖ ತಂದು, ಮೆದುವಾಗಿಯೇ ಕೇಳಿದಳು.

"ಸರ್, ನಿಜ ಹೇಳಿ. ಆವತ್ತು ಒಳಗೆ ನೀವೇ ಇದ್ರಾ?"

ತಗಡಿನೊಳಗಿಂದ, ದೂರದ ಬಾವಿಯಿಂದ ಬಂದಂತೆ ಅಪ್ಪನ ದನಿ ಬಂತು.

"ನಾನು ಒಬ್ಬರಿಗೆ ಮಾತು ಕೊಟ್ಟಿದ್ದೀನಿ. ಅವರು ಬಿಡೋವರೆಗೆ ನಾನೇನೂ ಹೇಳೋ ಹಾಗಿಲ್ಲ. ನೀವು ಏನು ಬೇಕಾದ್ರೂ ಅಂದ್ಕೊಳ್ಳಿ."

"ಯಾರಿಗೆ?" "ಏನು ಮಾತು?" "ಇದು ಇಲಾಖೆಯ ಗುಟ್ಟಾ?" ಎಂದು ಎಲ್ಲರೂ ಒಟ್ಟಿಗೆ ಶುರುಮಾಡಿದರು. ಅಪ್ಪ ಹಗ್ಗದಲ್ಲಿ ಕಟ್ಟಿಸಿಕೊಂಡು, ಊರಿನ ಕಣ್ಣೆದುರು, ಇಪ್ಪತ್ತು ಮೂವತ್ತು ವರ್ಷ ಬಿಸಿಲಲ್ಲಿ ಅಲೆದು ಗಳಿಸಿದ ಹೆಸರನ್ನು ಕೈಬಿಡುತ್ತ, ನಿಂತೇ ಇದ್ದರು. ಯಾಕೆಂದರೆ ನಾನು ಬಸ್ಸಿನಲ್ಲಿ ಹೇಳಬೇಡಿ ಎಂದಿದ್ದೆ.

ನಾನು ಪರದೆ ಸರಿಸಿ ಮುಂದೆ ಬಂದೆ.

"ಅದು ನಾನು," ಎಂದೆ.

ಯಾರ ಕಿವಿಗೂ ಬೀಳಲಿಲ್ಲ. ಅತ್ತೆ ನನ್ನ ತುಟಿ ಅಲ್ಲಾಡಿದ್ದು ನೋಡಿ, "ಬಂದವರಿಗೆ ನೀರು ತಂದುಕೊಡೇ" ಎಂದಳು.

"ಅದು ನಾನು," ಎಂದೆ, ಜೋರಾಗಿ. "ಅಪ್ಪನಿಗೆ ಕೊಂಡಿ ಹಾಕೋಕೆ ಆಗ್ಲಿಲ್ಲ. ಒಳಗಿದ್ದವಳು ನಾನು. ಹೇಳ್ಬೇಡಿ ಅಂದವಳೂ ನಾನೇ. ಆವತ್ತಿನಿಂದ ಅಪ್ಪ ಒಂದೇ ಒಂದು ಸಲಾನೂ ತಾನು ಅಂತ ಹೇಳಿಲ್ಲ, ಬೇಕಾದ್ರೆ ನೆನಪು ಮಾಡ್ಕೊಂಡು ನೋಡಿ."

ಎಲ್ಲರೂ ನೆನಪು ಮಾಡಿಕೊಳ್ಳತೊಡಗಿದ್ದು ಕಣ್ಣಿಗೇ ಕಾಣಿಸಿತು. ಮೇಷ್ಟ್ರ ಬಾಯಿ ತೆರೆದು ಹಾಗೆಯೇ ಉಳಿಯಿತು. ಮೇಲಧಿಕಾರಿ ಚೌಕಟ್ಟಿನ ಫೋಟೊವನ್ನು ಒಮ್ಮೆ, ನನ್ನನ್ನೊಮ್ಮೆ ನೋಡಿ, "ಸೆಖೆ ಜಾಸ್ತಿ ಅಂದಿದ್ರು... ಹೌದು, ಅಷ್ಟೇ ಅಂದಿದ್ರು" ಎಂದು ಕುರ್ಚಿಯಲ್ಲಿ ಕುಸಿದರು. ದಿನಸಿ ಅಂಗಡಿಯವನು ಉಸಿರುಬಿಟ್ಟು, "ಹಾಗಾದ್ರೆ ಮುದ್ರೆ ಸರಿಯಾಗಿದೆ" ಎಂದ. ಡ್ರೈವರು ಹಗ್ಗ ಬಿಚ್ಚಿ ತಲೆಯ ತಗಡು ಎತ್ತಿದ. ಅಪ್ಪನ ಮುಖ ಕೆಂಪಗೆ, ಒದ್ದೆಯಾಗಿ, ಸ್ನಾನ ಮಾಡಿಸಿದ ಮಗುವಿನ ಹಾಗಿತ್ತು.

"ನೀವಾ?" ಎಂದಳು ಟೋಪಿ, ನನ್ನ ಕೈಗಳನ್ನೇ ನೋಡುತ್ತ. "ಹಾಗಿದ್ರೆ ನೀವೇ ಬರಬೇಕು. ಬರ್ತೀರಾ?"

"ಅಯ್ಯೋ, ಅವಳಿಗೆ ನಾಚಿಕೆ ಜಾಸ್ತಿ," ಎಂದಳು ಅಮ್ಮ. "ಇವೆಲ್ಲ ಅವಳ ಕೈಲಿ ಆಗಲ್ಲ."

"ಏನೋ ಆವತ್ತು ಗೊತ್ತಿಲ್ದೆ ಆಗೋಯ್ತು," ಎಂದಳು ಅತ್ತೆ. "ಅವಳು ಒಪ್ಪಲ್ಲ ಬಿಡಿ."

"ಆ ಮಗು ಮೊದಲಿಂದಲೂ ಅಂತರ್ಮುಖಿ," ಎಂದರು ಮೇಷ್ಟ್ರು. "ಅವಳಿಗೆ ಇಷ್ಟ ಇರಲಾರದು."

ಎಲ್ಲರೂ ಅವರವರ ಮಾತು ಮುಗಿಸಿ ಅಪ್ಪನ ಕಡೆ ತಿರುಗಿದರು. ಕೊನೆಯ ಮಾತು ಅವರದ್ದೇ ಆಗಬೇಕಿತ್ತು. ಅಪ್ಪ ತೋಳಿನಿಂದ ಬೆವರು ಒರೆಸಿಕೊಂಡು, "ನನ್ನನ್ನ ಯಾಕೆ ನೋಡ್ತೀರಿ? ಅವಳನ್ನೇ ಕೇಳಿ" ಎಂದರು.

ನಡುಮನೆಯಲ್ಲಿದ್ದವರು, ಬಾಗಿಲಲ್ಲಿದ್ದವರು, ಕಿಟಕಿಯಲ್ಲಿದ್ದವರು, ಎಲ್ಲರ ಕಣ್ಣೂ ನನ್ನ ಮೇಲಿತ್ತು. ನನ್ನ ಮೈಮೇಲೆ ಯಾವ ತಗಡೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಇಳಿಬಿಟ್ಟುಕೊಂಡು ನಿಂತೆ.

"ನನಗೆ ಇಷ್ಟ ಇದೆ," ಎಂದೆ. "ಆ ಕೆಲಸ ನನಗೆ ಬೇಕು."